ಪ್ರಶ್ನೋತ್ತರ: ಕಣ್ಣೀರಲ್ಲಿ ರಕ್ತ

ಅಡ್ಮಿನ್: ಇವತ್ತು ನೇತ್ರತಜ್ಞರು ಜೊತೆಗಿದ್ದಾರೆ. ವಿಷಯ ಹೀಮೊಲಾಕ್ರಿಯಾ, ಅಂದರೆ ಕಣ್ಣೀರಲ್ಲಿ ರಕ್ತ. ಫಾರ್ವರ್ಡ್ ಬೇಡ.

ಒಬ್ಬ ತಾಯಿ: ಡಾಕ್ಟ್ರೇ, ಮಗನಿಗೆ ಮೂಗಿಂದ ರಕ್ತ ಬಂತು. ಮೂಗು ಅದುಮಿ ಹಿಡಿದ್ರೆ ಕಣ್ಣಿಂದಲೂ ಬಂತು! ಕಣ್ಣು ಹೋಯ್ತಾ?

ಡಾಕ್ಟರ್: ಗಾಬರಿ ಬೇಡಮ್ಮ. ಕಣ್ಣೀರು ಮೂಗಿಗೆ ಇಳಿಯೋ ನಾಳ ಒಂದಿದೆ. ಅದುಮಿದಾಗ ರಕ್ತ ಅದರಲ್ಲೇ ಮೇಲೇರಿ ರೆಪ್ಪೆಯ ಒಳಮೂಲೆಯ ಸಣ್ಣ ತೂತಿಂದ ಬಂದಿದೆ. ಪದೇ ಪದೇ ಆದರೆ, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ ಕಂಡರೆ, ಪ್ಲೇಟ್‌ಲೆಟ್ ಪರೀಕ್ಷೆ ಮಾಡಿಸಿ.

ಸದಸ್ಯ 1: ಈರುಳ್ಳಿ ರಸ, ಜೇನು ತಲಾ ಎರಡು ಹನಿ ಕಣ್ಣಿಗೆ. ಮೂರೇ ದಿನ! ಎಲ್ಲರಿಗೂ ಕಳಿಸಿ.

ಡಾಕ್ಟರ್: ಯಾರೂ ಹಾಕಬೇಡಿ. ಕರಿಗುಡ್ಡೆಯ ಮೇಲಿನ ಪೊರೆಗೆ ಹುಣ್ಣಾದ್ರೆ ಆಮೇಲೆ ನನ್ನ ಹತ್ತಿರಾನೇ ಬರ್ತೀರಿ.

ಸದಸ್ಯ 2: ಅಣ್ಣನಿಗೆ 54. ಎಡಗಣ್ಣಲ್ಲಿ ಆಗಾಗ ಗುಲಾಬಿ ಬಣ್ಣದ ನೀರು, ಬೆಳಿಗ್ಗೆ ದಿಂಬಿನ ಮೇಲೆ ಕಂದು ಕಲೆ. ಮೂಗಿನ ಪಕ್ಕ ಸಣ್ಣ ಗಂಟು. ನೋವಿಲ್ಲ ಅಂತ ಸುಮ್ಮನಿದ್ದಾನೆ.

ಡಾಕ್ಟರ್: ನೋವಿಲ್ಲ ಅನ್ನೋದೇ ನನಗೆ ಚಿಂತೆ. ಮೂಗಿನ ಪಕ್ಕ ಕಣ್ಣೀರು ಸೇರೋ ಚೀಲದಲ್ಲಿ ಸೋಂಕಾದ್ರೆ ಸಾಮಾನ್ಯವಾಗಿ ಕೆಂಪಾಗಿ ನೋಯುತ್ತೆ, ಊತ ಕಣ್ಣಿನ ಒಳಮೂಲೆಯ ಮಟ್ಟಕ್ಕಿಂತ ಕೆಳಗಿರುತ್ತೆ. ಗಟ್ಟಿ ಗಂಟು, ಮೂಲೆಗಿಂತ ಮೇಲಕ್ಕೂ ಹಬ್ಬಿದೆ, ಜೊತೆಗೆ ರಕ್ತ ಅಂದ್ರೆ ಚೀಲದ ಗೆಡ್ಡೆ ಇದೆಯಾ ಅಂತ ಮೊದಲು ನೋಡಬೇಕು. ಅಪರೂಪ, ಆದರೆ ಇದ್ದರೆ ಕ್ಯಾನ್ಸರೂ ಆಗಿರಬಹುದು. ಕನ್ನಡಿ ಮುಂದೆ ನಿಲ್ಲಿಸಿ ಗಂಟು ಎಲ್ಲಿದೆ ನೋಡಿ, ಒತ್ತಿ ಉಜ್ಜಬೇಡಿ. ಸಿಟಿ ಸ್ಕ್ಯಾನ್, ಮೂಗಿನ ಎಂಡೋಸ್ಕೋಪಿ (ಸಣ್ಣ ಕ್ಯಾಮೆರಾ ಹಾಕಿ ನೋಡೋದು), ಬೇಕಾದ್ರೆ ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷಿಸೋದು) ಮಾಡಿಸಬೇಕು. 'ನಾಳ ಕಟ್ಟಿದೆ, ಆಪರೇಷನ್ ಮಾಡೋಣ' ಅಂದವರಿಗೆ ಸ್ಕ್ಯಾನ್ ಆಗದೆ ಒಪ್ಪಬೇಡಿ. ರಕ್ತ ತೆಳುವಾಗಿಸೋ ಮಾತ್ರೆ ತಗೊಳ್ತಾರಾ? ಬಿಪಿ ಎಷ್ಟು?

ಸದಸ್ಯೆ 3: ಮುಟ್ಟಿನ ದಿನಗಳಲ್ಲಿ ಮಾತ್ರ ಹೀಗೆ ಆಗೋದು ಉಂಟಾ?

ಡಾಕ್ಟರ್: ಉಂಟು. 16ನೇ ಶತಮಾನದಲ್ಲೇ ಇಟಲಿಯ ವೈದ್ಯ ಬ್ರಸಾವೋಲಾ ಒಬ್ಬ ಸನ್ಯಾಸಿನಿಯಲ್ಲಿ ಇದನ್ನ ಬರೆದಿಟ್ಟಿದ್ದ.

ಸದಸ್ಯ 4: ಇವೆಲ್ಲ ನಾಟಕ. ಬಣ್ಣ ಹಚ್ಕೊಂಡು ವಿಡಿಯೋ ಮಾಡ್ತಾರೆ.

ಸದಸ್ಯೆ 3: ನನ್ನ ತಂಗಿ ನಾಟಕ ಆಡ್ತಿದಾಳಾ? ಬಾಯಿ ಬಿಗಿ ಹಿಡೀರಿ.

ಸದಸ್ಯ 4: ಹಾಗಂದ್ನಾ ನಾನು? ಎಲ್ಲದಕ್ಕೂ ಮೈಮೇಲೆ ಬರ್ತೀರಲ್ಲ.

ಸದಸ್ಯ 5: ಲೆನ್ಸ್ ಹಾಕೋರಿಗೆ ಹೀಗೆ ಆಗುತ್ತಾ ಸಾರ್?

ಸದಸ್ಯ 1: ಪವಾಡಾನೂ ಇರಬಹುದಲ್ಲ?

ಡಾಕ್ಟರ್: ಬೇಕಂತಲೇ ಮಾಡ್ಕೊಳ್ಳೋರೂ ಇದ್ದಾರೆ, ಎಷ್ಟು ಹುಡುಕಿದ್ರೂ ಕಾರಣ ಸಿಗದೆ ತಾನಾಗೇ ನಿಂತವರೂ ಇದ್ದಾರೆ. ರೆಪ್ಪೆ ಮಗುಚಿ ನೋಡದೆ ಇಲ್ಲಿ ಕೂತು ತೀರ್ಪು ಕೊಡಬೇಡಿ. ಒಳಗೆ ಅಕ್ಕಿಕಾಳಿನಷ್ಟು ರಕ್ತನಾಳದ ಗಂಟಿದ್ರೂ ಸೋರುತ್ತೆ.

ಸದಸ್ಯ 6: ಮೂಗು ಒತ್ತಿದ್ರೆ ಕಣ್ಣಲ್ಲಿ ರಕ್ತ, ಯಾಕೆ?

ಡಾಕ್ಟರ್: ಮೇಲೆ ಓದಿ.

ಸದಸ್ಯ 2: ಬಿಪಿ ಮಾತ್ರೆ ಮಾತ್ರ ತಗೊಳ್ತಾನೆ. ಗಂಟು ಮೂಲೆಗಿಂತ ಸ್ವಲ್ಪ ಮೇಲಕ್ಕೇ ಇದೆ ಸಾರ್. ಮುಂದಿನ ತಿಂಗಳು ರಜೆ ಇದೆ, ಆಗ ಹೋದ್ರೆ ಸಾಕಾ?

ಡಾಕ್ಟರ್: ಸಾಲದು. ಈ ವಾರ.

ಸದಸ್ಯ 1: ಜೇನು ಶುದ್ಧವಾಗಿದ್ರೆ ಏನೂ ಆಗಲ್ಲ.

ಡಾಕ್ಟರ್: ಅಡ್ಮಿನ್, ಇವರನ್ನ ತೆಗೀತೀರೋ, ನಾನೇ ಹೊರಡಲೋ?