ಅಲ್ಗಾರಿದಮ್ ಪಠ್ಯಪುಸ್ತಕ ತಲೆಗೆ ಹತ್ತುತ್ತಿಲ್ಲ, ಹಿಸ್ಟರಿ ಓದಿದ್ರೆ ಉಪಯೋಗ ಆಗತ್ತಾ?

ಹಾಸನ_ಹುಡುಗಿ: ಎಲ್ರಿಗೂ ನಮಸ್ಕಾರ. ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಿದೀನಿ, ಈ ಸೆಮಿಸ್ಟರ್ ಅಲ್ಗಾರಿದಮ್ (ಲೆಕ್ಕ ಬಿಡಿಸೋ ಹಂತ ಹಂತದ ವಿಧಾನ) ಇದೆ. ಲೈಬ್ರರಿಯಿಂದ ಕಾರ್ಮೆನ್ ಅವರ ದಪ್ಪ ಪುಸ್ತಕ ತಂದಿದೀನಿ, ಪಟ್ಟಿನ ಕ್ರಮವಾಗಿ ಜೋಡಿಸೋ ಕ್ವಿಕ್‌ಸಾರ್ಟ್ ಅನ್ನೋ ವಿಧಾನ ಮೂರು ಸಲ ಓದಿದ್ರೂ ಪುಸ್ತಕ ಮುಚ್ಚಿದ್ ತಕ್ಷಣ ಎಲ್ಲಾ ಮರ್ತು ಹೋಗತ್ತೆ. ಇದನ್ನ ಯಾರು ಯಾಕೆ ಯೋಚನೆ ಮಾಡಿದ್ರು ಅಂತ ಗೊತ್ತಾದ್ರೆ ಮನಸ್ಸಲ್ಲಿ ನಿಲ್ಲತ್ತೇನೋ ಅನ್ಸತ್ತೆ. ಎಲ್ಲಿಂದ ಶುರು ಮಾಡ್ಲಿ?

ಕಾಫಿ_ಕಣ: ಖಂಡಿತ ಓದಮ್ಮ. ಅದೇ ಪುಸ್ತಕದಲ್ಲಿ ಪ್ರತಿ ಚಾಪ್ಟರ್ ಕೊನೆಗೆ ಚಾಪ್ಟರ್ ನೋಟ್ಸ್ ಅಂತ ಇರತ್ತೆ, ಎಕ್ಸಾಮಿಗೆ ಬರಲ್ಲ ಅಂತ ಎಲ್ರೂ ಬಿಟ್ಬಿಡ್ತಾರೆ, ಅದನ್ನೇ ಮೊದ್ಲು ಓದು. ಕ್ವಿಕ್‌ಸಾರ್ಟ್ ಮಾಡಿದ್ದು ಬ್ರಿಟಿಷ್ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್. ಮಾಸ್ಕೋಲಿ ಓದ್ತಿದ್ದಾಗ ರಷ್ಯನ್ನಿಂದ ಇಂಗ್ಲಿಷಿಗೆ ಮೆಷಿನ್ನಿಂದ ಅನುವಾದ ಮಾಡ್ಸೋ ಕೆಲಸ, ಡಿಕ್ಷನರಿ ಇದ್ದಿದ್ದು ಮ್ಯಾಗ್ನೆಟಿಕ್ ಟೇಪ್ ಮೇಲೆ, ಹಿಂದೆ ಮುಂದೆ ಸುತ್ತೋದು ತಪ್ಪಬೇಕು ಅಂದ್ರೆ ವಾಕ್ಯದ ಪದಗಳನ್ನ ಮೊದ್ಲೇ ಅಕ್ಷರದ ಪ್ರಕಾರ ಜೋಡಿಸ್ಕೋಬೇಕು, ಆ ಕಷ್ಟದಲ್ಲಿ ಹುಟ್ಟಿದ್ದು ಇದು, 1961ರಲ್ಲಿ ಪ್ರಕಟ ಆಯ್ತು. ನಮ್ ಚಿಕ್ಕಮಗಳೂರು ಕಡೆ ಕಾಫಿ ಬೀಜ ಜರಡಿ ಹಿಡಿಯೋದು ನೋಡಿದೀಯಾ? ಸಣ್ಣದೆಲ್ಲ ಕೆಳಗೆ, ದಪ್ಪದ್ದೆಲ್ಲ ಮೇಲೆ. ಜರಡಿ ಕಣ್ಣೇ ಪಿವಟ್ ಅನ್ಕೋ, ಅಂದ್ರೆ ಚಿಕ್ಕದು ದೊಡ್ಡದು ಅಂತ ಬೇರೆ ಮಾಡೋಕೆ ಆರಿಸ್ಕೊಳ್ಳೋ ಸಂಖ್ಯೆ. ಆಮೇಲೆ ಎರಡೂ ರಾಶಿಗೆ ಬೇರೆ ಬೇರೆ ಕಣ್ಣಿನ ಜರಡಿ, ಅಷ್ಟೇ ಕಣಮ್ಮ.

ಬೇಲೂರು_ಮೇಷ್ಟ್ರು: ಇನ್ನೂ ಹಿಂದಕ್ಕೆ ಹೋಗಿ. ಅಲ್ಗಾರಿದಮ್ ಅನ್ನೋ ಪದಾನೇ ಬಾಗ್ದಾದ್‌ನಲ್ಲಿದ್ದ 9ನೇ ಶತಮಾನದ ಗಣಿತಜ್ಞ ಅಲ್ ಖ್ವಾರಿಜ್ಮಿ ಹೆಸರಿಂದ ಬಂದಿದ್ದು, ಅವರು ನಮ್ಮ ಭಾರತದ ಅಂಕಿಗಳಲ್ಲಿ ಲೆಕ್ಕ ಮಾಡೋದು ಹೇಗೆ ಅಂತ ಬರೆದ ಪುಸ್ತಕ ಲ್ಯಾಟಿನ್ನಿಗೆ ಹೋದಾಗ ಹೆಸರು ಅಲ್ಗೋರಿಸ್ಮಿ ಆಯ್ತು. ಆದ್ರೆ ವಿದ್ಯೆ ಪದಕ್ಕಿಂತ ಹಳೇದು. ಕಂಪ್ಯೂಟರ್ ವಿಜ್ಞಾನಿ ಕ್ನೂತ್ ತಮ್ಮ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಪುಸ್ತಕದ 1968ರ ಮೊದಲ ಸಂಪುಟ ಶುರು ಮಾಡೋದೇ ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್‌ನ ಮಸಾಅ (ಎರಡೂ ಸಂಖ್ಯೆಗಳನ್ನ ಶೇಷ ಇಲ್ದೆ ಭಾಗಿಸೋ ಅತಿ ದೊಡ್ಡ ಸಂಖ್ಯೆ) ಲೆಕ್ಕದಿಂದ. 84, 30 ತಗೊಳ್ಳಿ, ಭಾಗಿಸಿದ್ರೆ ಶೇಷ 24, ಆಮೇಲೆ 30ನ್ನ 24ರಿಂದ ಭಾಗಿಸಿದ್ರೆ ಶೇಷ 6, 24ನ್ನ 6ರಿಂದ ಭಾಗಿಸಿದ್ರೆ ಶೇಷ ಸೊನ್ನೆ, ಉತ್ತರ 6. ಆರ್ಯಭಟ 499ರಲ್ಲಿ ಹೇಳಿದ, ಸಮೀಕರಣ ಬಿಡಿಸೋ ಕುಟ್ಟಕ ವಿಧಾನದಲ್ಲೂ ಇದೇ ಥರ ಭಾಗಿಸ್ತಾ ಹೋಗೋದು. ನಮ್ಮ ಹೊಯ್ಸಳರ ಕಾಲದಲ್ಲಿ, 12ನೇ ಶತಮಾನದಲ್ಲಿ, ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದಿದಾನೆ, ಲೆಕ್ಕದ ಸೂತ್ರಗಳನ್ನ ಪದ್ಯದಲ್ಲಿ ಕೂರಿಸಿದಾನೆ. ದಿನಾ ಬಸ್ಸಲ್ಲಿ ಹಳೇಬೀಡು ದಾಟಿ ಹೋಗೋ ನಮ್ ಮಕ್ಕಳಿಗೆ ಇದು ಗೊತ್ತಿಲ್ಲ ಅಂದ್ರೆ ಹೊಟ್ಟೆ ಉರಿಯತ್ತೆ.

ಹಾಸನ_ಹುಡುಗಿ: ಥ್ಯಾಂಕ್ಸ್ ಸರ್, ಥ್ಯಾಂಕ್ಸ್ ಅಣ್ಣ. ಜರಡಿ ನೆನಪಿಟ್ಕೊಂಡು ಪುಸ್ತಕ ಮುಚ್ಚಿ ಬರೆದೆ, ಪಾರ್ಟಿಷನ್, ಅಂದ್ರೆ ಎರಡು ರಾಶಿ ಮಾಡೋ ಹಂತ, ಬಂತು! ಒಂದ್ ಡೌಟು, ಕಣ್ಣು ತೀರಾ ದೊಡ್ಡದಾಗಿ ಎಲ್ಲಾ ಬೀಜ ಕೆಳಗೇ ಬಿದ್ರೆ ಅದೇ ವರ್ಸ್ಟ್ ಕೇಸಾ (ಅತಿ ಹೆಚ್ಚು ಕೆಲಸ ಹಿಡಿಯೋ ಸಂದರ್ಭ)?

ಕಾಫಿ_ಕಣ: ಅದೇ. ಪ್ರತಿ ಸಲ ಹಾಗೇ ಆದ್ರೆ ಒಂದೊಂದೇ ಬೀಜ ಬೇರೆ ಆಗತ್ತೆ, ಎನ್ ಬೀಜಕ್ಕೆ ಸುಮಾರು ಎನ್ ಸ್ಕ್ವೇರ್ (ಎನ್ × ಎನ್) ಕೆಲಸ. ಮೊದ್ಲೇ ಜೋಡಿಸಿರೋ ಲಿಸ್ಟ್ ಕೊಟ್ಟು, ಕೊನೇ ಸಂಖ್ಯೆನೇ ಪಿವಟ್ ಮಾಡಿ ಕೈಯಲ್ಲಿ ಬರೆದು ನೋಡು, ಎಂಟು ಸಂಖ್ಯೆ ಸಾಕು.