ಎರೆನ್‌ಶೋರ್ ಈಗಲೇ ಕೊಳ್ಳಬಹುದಾ?

ಪ್ರಶ್ನೆ: ಕಂಪ್ಯೂಟರ್ ಆಟ ಮಾರುವ ಸ್ಟೀಮ್ ಅಂಗಡಿಯಲ್ಲಿ ಎರೆನ್‌ಶೋರ್ ನೋಡಿದೆ. ಒಬ್ಬರೇ ಡೆವಲಪರ್ ಕಟ್ಟುತ್ತಿರುವ ಆಟ. 2025ರ ಏಪ್ರಿಲ್‌ನಲ್ಲಿ ಅರ್ಲಿ ಆಕ್ಸೆಸ್‌ಗೆ ಬಂತು, ಅಂದರೆ ಪೂರ್ತಿ ಆಗುವ ಮೊದಲೇ ಮಾರಾಟಕ್ಕೆ. ಮಗಳು ಮಲಗಿದ ಮೇಲೆ ನನಗೆ ಸಿಗುವುದು ಒಂದೇ ಗಂಟೆ. ಈಗಲೇ ಕೊಳ್ಳಲಾ, ಪೂರ್ತಿ ಆಗುವವರೆಗೆ ಕಾಯಲಾ?

ಉತ್ತರ 1: ಕೊಳ್ಳಿ, ನಿಮ್ಮಂಥವರಿಗೇ ಹೇಳಿ ಮಾಡಿಸಿದ ಹಾಗಿದೆ. ನೋಡೋಕೆ ಎವರ್‌ಕ್ವೆಸ್ಟ್‌ನಂಥ, ಸಾವಿರಾರು ಜನ ಒಟ್ಟಿಗೆ ಆಡುತ್ತಿದ್ದ ಹಳೇ ಕಾಲದ ಆನ್‌ಲೈನ್ ಆಟ. ಆದರೆ ಸುತ್ತ ಓಡಾಡುವ 'ಆಟಗಾರರು' ಯಾರೂ ನಿಜವಾದ ಜನ ಅಲ್ಲ, ಎಲ್ಲರನ್ನೂ ಆಟವೇ ನಡೆಸುತ್ತದೆ. ಚಾಟ್‌ನಲ್ಲಿ ಹರಟುತ್ತಾರೆ, ಲೆವೆಲ್ ಏರುತ್ತಾರೆ, ಕರೆದರೆ ಜೊತೆಗೆ ಬರುತ್ತಾರೆ. ನಮ್ಮಲ್ಲಿ ಜಾಸ್ತಿ ಆದ ಕತ್ತಿ, ಕವಚ ಅವರಿಗೆ ಕೊಡಬಹುದು. ನಾನು ಹಾಗೆ ಡ್ರೂಯಿಡ್ (ಮಂತ್ರದಿಂದ ಗಾಯ ಗುಣಪಡಿಸುವ ಪಾತ್ರ) ಒಬ್ಬಳಿಗೆ ಕೊಟ್ಟಿದ್ದೆ. ಆಮೇಲೆ ಆಟದೊಳಗಿನ ಪೋರ್ಟ್ ಅಜೂರ್ ಊರಲ್ಲಿ ಅವಳು ಮತ್ತೆ ಕಂಡಾಗ ಊರಿನವರು ಸಿಕ್ಕಷ್ಟು ಖುಷಿಯಾಯಿತು. ಮಧ್ಯದಲ್ಲಿ ಮಗು ಎದ್ದರೂ ಚಿಂತೆ ಇಲ್ಲ, ನಿಮಗಾಗಿ ಕಾಯುತ್ತಾ ಬೇಸರ ಪಡುವವರು ಯಾರೂ ಇಲ್ಲ ಅಲ್ವಾ?

ಉತ್ತರ 2: ಒಂದು ಮಾತು. ದೊಡ್ಡ ಕಂಪನಿಯ ಆಟದ ನುಣುಪು ಇಲ್ಲಿಲ್ಲ. ಒಮ್ಮೆ ನನ್ನ ಜೊತೆಗಾರ ಬಂಡೆಗೆ ಸಿಕ್ಕಿಕೊಂಡು ನಿಂತೇ ಬಿಟ್ಟ. ಆದರೂ ಪ್ರತಿ ಅಪ್‌ಡೇಟ್‌ಗೂ ಕಾಯುತ್ತೇನೆ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್. ಇವತ್ತು ರಾತ್ರಿಯೇ ಡೌನ್‌ಲೋಡ್‌ಗೆ ಹಾಕುತ್ತೇನೆ. ಶುರುವಿಗೆ ಪ್ಯಾಲಡಿನ್ (ಕವಚ ತೊಟ್ಟ ಯೋಧ) ಪಾತ್ರ ಸಾಕಾ?

ಉತ್ತರ 1: ಸಾಕು. ಗುಣಪಡಿಸುವ ಡ್ರೂಯಿಡ್ ಒಬ್ಬರನ್ನು ಮಾತ್ರ ಜೊತೆಗೆ ಕರೆದುಕೊಳ್ಳಿ.