ಮುತ್ತಜ್ಜಿಗೆ 108 ವರ್ಷ ಅಂತಾರೆ, ನಿಜವಾದ ವಯಸ್ಸು ತಿಳಿಯೋದು ಹೇಗೆ?

ಪ್ರಶ್ನೆ: ಹೊಳೆದಂಡೆ

ಎಲ್ಲರಿಗೂ ನಮಸ್ಕಾರ. ನಮ್ಮ ಮುತ್ತಜ್ಜಿ, ಅಂದರೆ ಅಪ್ಪನ ಅಜ್ಜಿ, 2009ರಲ್ಲಿ ಶಿವರಾತ್ರಿ ಕಳೆದ ವಾರ ತೀರಿಕೊಂಡರು. ಆಗ ಅವರಿಗೆ 108 ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ, ತಿಥಿ ಕಾರ್ಡಿನಲ್ಲೂ ಹಾಗೇ ಅಚ್ಚಾಗಿದೆ. ಮತದಾರರ ಗುರುತಿನ ಚೀಟಿ ಪ್ರಕಾರ 94 ಆಗುತ್ತೆ. 14 ವರ್ಷ ವ್ಯತ್ಯಾಸ! ನಾನೀಗ ಮನೆತನದ ವಂಶವೃಕ್ಷ ಬರೆಯುತ್ತಿದ್ದೇನೆ, ಅವರ ಹೆಸರಿನ ಮುಂದೆ ಸುಳ್ಳು ಬರೆಯೋಕೆ ಮನಸ್ಸಿಲ್ಲ.

ಅವರ ತವರೂರು ಈಗ ಕನ್ನಂಬಾಡಿ ಕಟ್ಟೆಯ ನೀರಿನೊಳಗಿದೆ. ಶಾಲೆಗೆ ಹೋದವರಲ್ಲ. ಸಂಜೆ ಜಗಲಿ ಮೇಲೆ ಕೂತು ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಾ ಹಳೇದನ್ನ ಹೇಳೋರು, ವರ್ಷ ಕೇಳಿದರೆ ಹೆಬ್ಬೆರಳನ್ನ ಬೆರಳ ಗೆಣ್ಣುಗಳ ಮೇಲೆ ಓಡಿಸಿ ಎಣಿಸೋರು, ಆದರೆ ಇಸವಿ ಮಾತ್ರ ಯಾವತ್ತೂ ಹೇಳಲಿಲ್ಲ. ನನಗೆ ನೆನಪಿರೋದು ಇಷ್ಟು. ಅವರಪ್ಪ ಕಟ್ಟೆ ಕೆಲಸಕ್ಕೆ ಗಾಡಿಯಲ್ಲಿ ಕಲ್ಲು ಸಾಗಿಸುತ್ತಿದ್ದರು, ಇವರು ಬುತ್ತಿ ಒಯ್ಯುತ್ತಿದ್ದರು. ಜ್ವರ ಬಂದ ವರ್ಷ ಅವ್ವ ತೀರಿಕೊಂಡರು, ಆರು ತಿಂಗಳ ತಮ್ಮನನ್ನ ಇವರೇ ಸೊಂಟದ ಮೇಲೆ ಹೊತ್ತು ಆಡಿನ ಹಾಲು ಕುಡಿಸಿ ಉಳಿಸಿಕೊಂಡರು. ದೊಡ್ಡ ಹೊಳೆ ಬಂದ ವರ್ಷ ಗಂಡನ ಮನೆಗೆ ಬಂದು ಸ್ವಲ್ಪ ದಿನ ಆಗಿತ್ತು. ಇನ್ನೊಂದು, "ಪಟ್ಟಾಭಿಷೇಕಕ್ಕೆ ಮೈಸೂರಿಗೆ ಹೋದಾಗ ಕಂಕುಳಲ್ಲಿ ಕೂಸು" ಅಂತಿದ್ದರು. ಪಟ್ಟಾಭಿಷೇಕ ಅಂದರೆ ನಾಲ್ವಡಿ ಕೃಷ್ಣರಾಜ ಒಡೆಯರು ಪೂರ್ಣ ಅಧಿಕಾರ ವಹಿಸಿಕೊಂಡಿದ್ದು, 1902 ಅಂತ ಮನೆಯವರ ಮಾತು. ಆಗ ಇವರು ಒಂದು ವರ್ಷದ ಕೂಸು ಅಂತ ಹಿಡಿದು ನಮ್ಮ ಮನೆಯವರು 108 ಅಂತ ಲೆಕ್ಕ ಹಾಕಿದ್ದಾರೆ. ಇದು ಸರಿನಾ?

ಉತ್ತರ 1: ನಿವೃತ್ತ ಮೇಷ್ಟ್ರು

ಒಳ್ಳೇ ಕೆಲಸ ಮಾಡ್ತಿದ್ದೀರಮ್ಮ. ಮೊದಲು ಮತದಾರರ ಚೀಟಿ ಪಕ್ಕಕ್ಕಿಡಿ. ಆ ಕಾಲದ ಅಜ್ಜಿಯರ ವಯಸ್ಸನ್ನ ಎಷ್ಟೋ ಸಲ ಮುಖ ನೋಡಿ ಅಂದಾಜಿನಲ್ಲಿ ಬರೆದದ್ದೇ ಜಾಸ್ತಿ. ಜನನ ಮರಣ ನೋಂದಣಿ ಕಾಯ್ದೆ ಇಡೀ ದೇಶಕ್ಕೆ ಅಂತ ಬಂದಿದ್ದೇ 1969ರಲ್ಲಿ, ಹಾಗಾಗಿ ಅವರ ಜನನ ಪತ್ರ ಸಿಗುತ್ತೆ ಅಂತ ಕಾಯಬೇಡಿ. ಜಗತ್ತಿನಲ್ಲೇ ಹೆಚ್ಚು ಕಾಲ ಬದುಕಿದವರು ಅಂತ ದಾಖಲಾದ ಫ್ರಾನ್ಸಿನ ಜಾನ್ ಕಾಲ್ಮಾಂ ಅವರದು 122 ವರ್ಷ 164 ದಿನ. ಅಲ್ಲಿ 1875ರ ಜನನ ದಾಖಲೆ ಇತ್ತು, ಆಮೇಲಿನ ಜನಗಣತಿ ಪಟ್ಟಿಗಳಲ್ಲೂ ಹೆಸರಿತ್ತು, ಅದಕ್ಕೇ ಒಪ್ಪಿದರು. ನಮ್ಮಲ್ಲಿ ಅದಿಲ್ಲ, ಸುತ್ತು ದಾರಿಯಲ್ಲೇ ಹೋಗಬೇಕು.

ಅವರ ಹಿರಿಯ ಮಗನ ಶಾಲಾ ದಾಖಲಾತಿ ರಿಜಿಸ್ಟರ್ ಹುಡುಕಿ. ಹಳೇ ಶಾಲೆಗಳಲ್ಲಿ ಬೀರುವಿನ ತಳದಲ್ಲಿ ಇರುತ್ತೆ, ವಿನಯವಾಗಿ ಕೇಳಿದರೆ ತೋರಿಸುತ್ತಾರೆ. ತಾರೀಕು ನಂಬಬೇಡಿ, ಎಷ್ಟೋ ಮಕ್ಕಳಿಗೆ ನಾವು ಮೇಷ್ಟ್ರುಗಳೇ ಒಂದು ದಿನ ಬರೆದುಬಿಡುತ್ತಿದ್ದೆವು, ಆದರೆ ಇಸವಿ ಒಂದೆರಡು ವರ್ಷದ ಆಚೆ ಈಚೆ ಸರಿಯಿರುತ್ತೆ. ಆಮೇಲೆ ನಿಮ್ಮ ಮುತ್ತಜ್ಜ ತೀರಿಕೊಂಡಾಗ ಪೌತಿ ಖಾತೆ (ತೀರಿಕೊಂಡವರ ಜಮೀನನ್ನ ವಾರಸುದಾರರ ಹೆಸರಿಗೆ ಮಾಡೋದು) ಆಗಿದ್ದರೆ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಆ ಕಡತದ ನಕಲು ಕೇಳಿ. ಹೆಂಡತಿ, ಮಕ್ಕಳ ಹೆಸರು, ಕೆಲವೊಮ್ಮೆ ವಯಸ್ಸು ಎಲ್ಲಾ ಅದರಲ್ಲಿರುತ್ತೆ.

ಉತ್ತರ 2: ಪಂಚಾಂಗದ ಮನೆ

ನಿಮ್ಮ ಮುತ್ತಜ್ಜಿ ಇಸವಿ ಹೇಳಲಿಲ್ಲ ಅಂದರೂ ವರ್ಷ ಹೇಳಿದ್ದಾರೆ, ಒಂದೊಂದಾಗಿ ನೋಡೋಣ.

ಕಟ್ಟೆ ಕೆಲಸ ಶುರುವಾಗಿದ್ದು 1911ರ ನವೆಂಬರ್‌ನಲ್ಲಿ, ಮುಗಿಯೋಕೆ ಸುಮಾರು 20 ವರ್ಷ ಹಿಡೀತು. ಬುತ್ತಿ ಒಯ್ದಿದ್ದು ಆ 20 ವರ್ಷದಲ್ಲಿ ಯಾವಾಗ ಬೇಕಾದರೂ ಇರಬಹುದು, ಅದರಿಂದ ಏನೂ ಗಟ್ಟಿಯಾಗಲ್ಲ. ಜ್ವರದ ವರ್ಷ ಹಾಗಲ್ಲ. ಅದು 1918ರ ಇನ್‌ಫ್ಲುಯೆಂಜಾ ಇರಬೇಕು, ಕಾಳಯುಕ್ತಿ ಸಂವತ್ಸರ (ಪಂಚಾಂಗದಲ್ಲಿ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರೋ ವರ್ಷದ ಹೆಸರು). ಒಂದು ಮಾತು ಕೇಳಿ ನೋಡಿ: ಆ ವರ್ಷ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದೆವು ಅಂತ ಹೇಳಿದ್ದರಾ? ಹೇಳಿದ್ದರೆ ಅದು ಪ್ಲೇಗು, ಅದು ಹಲವು ಸಲ ಬಂದು ಹೋಗಿದೆ. ದೊಡ್ಡ ಹೊಳೆ ಅಂದರೆ 1924ರ ಜುಲೈ, ರಕ್ತಾಕ್ಷಿ. ಕಾವೇರಿ ಉಕ್ಕಿ ಹರಿದ ಆ ವರ್ಷವನ್ನ ಹೊಳೆಸಾಲಿನ ಯಾವ ಅಜ್ಜಿಯೂ ಮರೆತಿಲ್ಲ.

1918ರಲ್ಲಿ ಆರು ತಿಂಗಳ ಮಗುವನ್ನ ಸೊಂಟದ ಮೇಲೆ ಹೊರೋ ಹುಡುಗಿ, 1924ರಲ್ಲಿ ಹೊಸ ಸೊಸೆ. ನಿಮ್ಮ ಮನೆಯವರ ಲೆಕ್ಕದಲ್ಲಿ ಆಗ ಅವರಿಗೆ 23. ಆ ಕಾಲದಲ್ಲಿ 23ಕ್ಕೆ ಗಂಡನ ಮನೆಗೆ ಬಂದರು ಅಂದರೆ ನನಗೆ ನಂಬಿಕೆ ಬರಲ್ಲ.

ಎಡವಟ್ಟಾಗಿರೋದು ಪಟ್ಟಾಭಿಷೇಕದಲ್ಲಿ. "ಕಂಕುಳಲ್ಲಿ ಕೂಸು" ಅಂದರು, ಸರಿ, ಯಾರ ಕಂಕುಳಲ್ಲಿ ಯಾರ ಕೂಸು? ಒಂದು ವರ್ಷದ ಮಗುವಿಗೆ ಪಟ್ಟಾಭಿಷೇಕ ನೆನಪಿರುತ್ತಾ? ಮೈಸೂರಿನಲ್ಲಿ ಇನ್ನೊಂದು ಪಟ್ಟಾಭಿಷೇಕ ಆಗಿದೆ. ನಾಲ್ವಡಿಯವರು 1940ರ ಆಗಸ್ಟ್‌ನಲ್ಲಿ ತೀರಿಕೊಂಡರು, ಸೆಪ್ಟೆಂಬರ್‌ನಲ್ಲಿ ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದರು. ಕೂಸು ಎತ್ತಿಕೊಂಡು ಹೋದವರು ನಿಮ್ಮ ಮುತ್ತಜ್ಜಿ ಇರಬೇಕು ಅನಿಸುತ್ತೆ. ಮನೆಯಲ್ಲಿ ಹಿರಿಯ ಹೆಂಗಸರು ಯಾರಿದ್ದಾರೆ? ಅವರನ್ನ ಇಸವಿ ಕೇಳಬೇಡಿ, ಸಂವತ್ಸರ ಕೇಳಿ. ಯುಗಾದಿ ದಿನ ಊರ ಗುಡಿ ಮುಂದೆ ಪಂಚಾಂಗ ಓದಿಸುತ್ತಿದ್ದರಲ್ಲ, ಓದು ಬರದವರ ಬಾಯಲ್ಲೂ ಆ ಹೆಸರು ಉಳಿದಿರುತ್ತೆ.

ಉತ್ತರ 3: ಬಾಗಲಕೋಟೆಯವ

ನಿಮ್ಮ ಮನೆಗೆ ಹೆಳವರು ಬರುತ್ತಿದ್ದರೇನು, ಅದನ್ನೂ ವಿಚಾರಿಸಿ. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬಂದು ಏಳೆಂಟು ತಲೆಮಾರಿನ ಹೆಸರು ಒಂದೇ ಉಸಿರಿಗೆ ಹೇಳುತ್ತಾರೆ, ಯಾವ ಊರಿಂದ ಬಂದಿರಿ, ಎಷ್ಟು ಮಂದಿ ಅಣ್ಣ ತಮ್ಮಂದಿರು, ಯಾರು ಎಲ್ಲಿ ಹೋಗಿ ನೆಲೆಸಿದರು, ಎಲ್ಲಾ. ಕಾಳು ಕೊಟ್ಟರೆ ಹೊಸದಾಗಿ ಹುಟ್ಟಿದವರ ಹೆಸರು ಪುಸ್ತಕಕ್ಕೆ ಸೇರಿಸಿಕೊಂಡು ಹೋಗುತ್ತಾರೆ. ನಮ್ಮಜ್ಜನ ಅಜ್ಜನ ಹೆಸರು ನನಗೆ ಗೊತ್ತಾಗಿದ್ದೇ ಹಂಗೆ. ಹೆಣ್ಣುಮಕ್ಕಳ ಹೆಸರು ಕಡಿಮೆ ಇರುತ್ತೆ, ಅದೊಂದು ನನಗೆ ಬೇಜಾರು. ಆದರೆ ಮುಳುಗಿದ ಊರಿನ ಮನೆತನದ ಸುದ್ದಿ ಕಾಗದದಲ್ಲಿ ಸಿಗದಿದ್ದರೂ ಅವರ ಹತ್ತಿರ ಸಿಗಬಹುದು.

ಹೊಳೆದಂಡೆ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಸೋದರತ್ತೆಗೆ ಫೋನ್ ಮಾಡಿದ್ದೆ, ಒಂದೂವರೆ ಗಂಟೆ ಮಾತಾಡಿದೆವು.

ಗುಡಿಸಲು ಹಾಕಿದ ಮಾತು ಇಲ್ಲವಂತೆ, ಮನೆಯಲ್ಲಿ ಎಲ್ಲರೂ ಒಟ್ಟಿಗೇ ಮಲಗಿಬಿಟ್ಟಿದ್ದರು, ನೀರು ಕೊಡೋಕೂ ಯಾರೂ ಇರಲಿಲ್ಲ ಅಂತ ಹೇಳುತ್ತಿದ್ದರಂತೆ. ಕೂಸಿನ ವಿಷಯ ಕೇಳಿದ ತಕ್ಷಣ ಅತ್ತೆ, "ಅಯ್ಯೋ, ಅದು ನಮ್ಮ ಚಿಕ್ಕತ್ತೆ ಕಣೇ, ಜನದ ನಡುವೆ ಅದರ ಕಾಲಿನ ಕಡಗ ಬಿದ್ದು ಹೋಗಿತ್ತು ಅಂತ ಅಜ್ಜಿ ಕೊನೇವರೆಗೂ ಪೇಚಾಡೋರು" ಅಂದರು. ಚಿಕ್ಕತ್ತೆ ನಮ್ಮ ಮುತ್ತಜ್ಜಿಯ ಕೊನೇ ಮಗಳು. ಅಂದರೆ 1940ರ ಪಟ್ಟಾಭಿಷೇಕವೇ. ನಮ್ಮ ತಾತ ಹಿರಿಯ ಮಗ, ಅವರ ಶಾಲೆಯ ದಾಖಲೆಯಲ್ಲಿ 1927 ಅಂತಿದೆ.

ಆಮೇಲೆ ಸಂವತ್ಸರ ಕೇಳಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ತಾನು ಏಳನೇ ಕ್ಲಾಸಿನಲ್ಲಿದ್ದಾಗ, ಅಂದರೆ 1968ರಲ್ಲಿ, ಗೌರಿ ಹಬ್ಬದ ಎದುರಿಗೆ ಅಜ್ಜಿ ಇದ್ದಕ್ಕಿದ್ದಂತೆ ಒಂದು ದಿನ ಹೋಳಿಗೆ ಮಾಡಿಸಿದರು ಅಂದರು. ಹಬ್ಬ ಇನ್ನೂ ಬಂದಿಲ್ಲ, ಯಾಕಜ್ಜಿ ಅಂತ ಕೇಳಿದರೆ, "ನಾನು ಹುಟ್ಟಿದ ಕೀಲಕ ತಿರುಗಿ ಬಂದೈತೆ ಮಗ, ಇನ್ನೊಂದು ಸಲ ನೋಡಾಕಿಲ್ಲ" ಅಂದರಂತೆ. ಪಂಚಾಂಗ ನೋಡಿದೆ. ಕೀಲಕ 1968, ಅದಕ್ಕೆ 60 ವರ್ಷ ಹಿಂದೆ 1908. ಜ್ವರದ ವರ್ಷ ಹತ್ತು, ಹೊಳೆ ಬಂದಾಗ ಹದಿನಾರು ನಡೀತಿತ್ತು, ತೀರಿಕೊಂಡಾಗ ನೂರು ತುಂಬಿ ಆರು ತಿಂಗಳು.

ಅಪ್ಪನಿಗೆ ಎಂಟು ವರ್ಷ ಕಡಿಮೆಯಾಯಿತು ಅಂತ ಸ್ವಲ್ಪ ಬೇಸರ. ನನಗೆ ಹಾಗನಿಸುತ್ತಿಲ್ಲ. ವಂಶವೃಕ್ಷದಲ್ಲಿ 1908 ಅಂತ ಬರೆದು, ಪಕ್ಕದಲ್ಲಿ ಕೀಲಕ ಅಂತಲೂ ಬರೆದಿದ್ದೇನೆ. ಮುಂದಿನ ಭಾನುವಾರ ಅತ್ತೆ ಮನೆಗೆ ಹೋಗುತ್ತಿದ್ದೇನೆ, ಮುತ್ತಜ್ಜಿ ಉಳಿಸಿಕೊಂಡ ಆ ತಮ್ಮನ ಮಕ್ಕಳು ಎಲ್ಲಿದ್ದಾರೆ ಅಂತ ಅವರಿಗೆ ಗೊತ್ತಂತೆ. ಹೆಳವರ ವಿಷಯವನ್ನೂ ಅಲ್ಲೇ ಕೇಳುತ್ತೇನೆ.